ಸೆರಾಮಿಕ್ ಗ್ರಿಲ್‌ಗೆ ಹೇಳಿ ಮಾಡಿಸಿದ ಮೇಜು: ಒಂದು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಇದ್ದಿಲಿನ ಸೆರಾಮಿಕ್ ಗ್ರಿಲ್‌ಗೆಂದು ಶಿವಮೊಗ್ಗದ ಸಾಗರ ರಸ್ತೆಯ ಬದಿಯ ಒಂದು ಮರಗೆಲಸದ ಅಂಗಡಿಯಲ್ಲಿ ಹೇಳಿ ಮಾಡಿಸಿದ ಹೊರಾಂಗಣದ ಮೇಜು, ಗಾಜನೂರಿನ ಆಚೆಗಿರುವ ನಮ್ಮ ಮನೆಯ ಅಂಗಳದಲ್ಲಿ ಒಂದು ಪೂರ್ಣ ಮಳೆಗಾಲವನ್ನು ಕಳೆದಿದೆ. ಇಂಥ ಮೇಜಿನ ಬಗ್ಗೆ ಬೇಸಿಗೆಯಲ್ಲಿ ಬರೆದ ವಿಮರ್ಶೆಗೆ ನಮ್ಮ ಕಡೆ ಹೆಚ್ಚು ಬೆಲೆಯಿಲ್ಲ, ಏಕೆಂದರೆ ಬೇಸಿಗೆಯಲ್ಲಿ ಯಾವ ಮೇಜಾದರೂ ಚೆನ್ನಾಗಿಯೇ ಇರುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಒಂದರ ಹಿಂದೊಂದು ಸುರಿದು ಹೋದ ಮೇಲೆ ಹಲಗೆ ಎಷ್ಟು ಉಬ್ಬಿತು, ಕಾಲಿನ ಬುಡ ಎಷ್ಟು ಕಪ್ಪಾಯಿತು, ಜೋಡಣೆ ಎಲ್ಲಿ ಬಾಯಿಬಿಟ್ಟಿತು ಎಂಬುದನ್ನೆಲ್ಲ ಕಣ್ಣಾರೆ ನೋಡಿದ ನಂತರವೇ ಇದನ್ನು ಬರೆಯಲು ಕುಳಿತಿದ್ದೇನೆ. ಗ್ರಿಲ್ ತಯಾರಕರು ಕೊಡುವ ಮೇಜಿನ ನಕ್ಷೆಗಳಲ್ಲಿ ಬೆಂಕಿಯ ಲೆಕ್ಕ ಸರಿಯಾಗಿರುತ್ತದೆ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುವ ಈ ಸೀಮೆಯ ನೀರಿನ ಲೆಕ್ಕವನ್ನು ಇಲ್ಲಿಯ ಬಡಗಿಯೇ ಹಾಕಬೇಕು. ಈ ಅಂಗಡಿಯವರು ಅದನ್ನು ಬಹುಮಟ್ಟಿಗೆ ಚೆನ್ನಾಗಿ ಹಾಕಿದ್ದಾರೆ ಎಂಬುದೇ ನನ್ನ ಅಭಿಪ್ರಾಯ.

ಗ್ರಿಲ್‌ನ ಸ್ವರೂಪ ತಿಳಿಯದವರಿಗೆ ಮೇಜಿನ ಕಷ್ಟ ಅರ್ಥವಾಗುವುದಿಲ್ಲವಾದ್ದರಿಂದ ಅದರ ಬಗ್ಗೆ ನಾಲ್ಕು ಮಾತು ಹೇಳಬೇಕು. ಕಮಾಡೊ ಎಂದು ಕರೆಯುವ ಈ ಒಲೆಯ ಮೂಲ ಜಪಾನಿನದು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೈನಿಕರ ಮೂಲಕ ಅದು ಅವರ ದೇಶ ಸೇರಿತು, ಮತ್ತು 1974ರಲ್ಲಿ ಅಟ್ಲಾಂಟಾದಲ್ಲಿ ಆರಂಭವಾದ ಬಿಗ್ ಗ್ರೀನ್ ಎಗ್ ಸಂಸ್ಥೆ ಅದನ್ನು ಜಗತ್ತಿಗೆಲ್ಲ ಪರಿಚಯಿಸಿತು. ದಪ್ಪ ಸೆರಾಮಿಕ್ ಗೋಡೆ, ಕೆಳಗೊಂದು ಗಾಳಿಕಿಂಡಿ, ಮುಚ್ಚಳದ ನೆತ್ತಿಯಲ್ಲಿ ಇನ್ನೊಂದು ಕಿಂಡಿ, ಇಷ್ಟೇ ಅದರ ಯಂತ್ರ. ಎರಡು ಕಿಂಡಿಗಳನ್ನು ಕಿರಿದು ಮಾಡಿದರೆ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ನಿಂತು ಮಾಂಸವನ್ನು ಹೊಗೆಯಲ್ಲಿ ಬೇಯಿಸುತ್ತದೆ, ಪೂರ್ತಿ ತೆರೆದರೆ 350 ಡಿಗ್ರಿಯ ಆಸುಪಾಸಿಗೂ ಏರುತ್ತದೆ. ಜಾಲರಿಯ ವ್ಯಾಸ ಸುಮಾರು 46 ಸೆಂ.ಮೀ. ಇರುವ ದೊಡ್ಡ ಗಾತ್ರದ ಬಿಗ್ ಗ್ರೀನ್ ಎಗ್‌ನ ತೂಕ ಸುಮಾರು 73 ಕೆ.ಜಿ. ನಮ್ಮಲ್ಲಿರುವುದೂ ಆ ಅಳತೆಯದೇ. ಅಷ್ಟು ಭಾರ ಮೇಜಿನ ಒಂದೇ ತುದಿಯಲ್ಲಿ, ಒಂದೂವರೆ ಅಡಿಯಷ್ಟೂ ಇಲ್ಲದ ಜಾಗದ ಮೇಲೆ ಕೂರುತ್ತದೆ. ಅದರ ಹೊಟ್ಟೆಯೊಳಗೆ ಬೆಂಕಿ ಇರುತ್ತದೆ, ಅದರ ಭಾರವಾದ ಮುಚ್ಚಳವನ್ನು ಪ್ರತಿ ಸಲ ತೆರೆದು ಮುಚ್ಚುವಾಗ ಇಡೀ ಮೇಜು ಒಂದು ಎಳೆತವನ್ನು ಉಣ್ಣುತ್ತದೆ. ಊಟದ ಮೇಜು ಮಾಡುವ ಕೈಗೆ ಈ ಮೂರೂ ಹೊಸ ವಿಷಯಗಳೇ.

ಅಂಗಡಿಯ ಆಚಾರ್ರಿಗೂ ಇದು ಹೊಸದೇ ಆಗಿತ್ತು, ಮತ್ತು ಅವರು ಅದನ್ನು ಮುಚ್ಚಿಡಲಿಲ್ಲ. ಗ್ರಿಲ್ ತಯಾರಕರ ಸೂಚನಾಪತ್ರವನ್ನೂ ಮೇಜಿನ ನಕ್ಷೆಯನ್ನೂ ಅವರ ಮುಂದಿಟ್ಟಾಗ ಅವರು ಸ್ವಲ್ಪ ಹೊತ್ತು ನೋಡಿ, “ಮಳೆ ವಿಚಾರ ನಂಗೆ ಬಿಡಿ ಸರ್, ಆ ಒಲೆ ಎಲ್ಲಿ ಎಷ್ಟು ಕಾಯುತ್ತೆ ಅನ್ನೋದು ಮಾತ್ರ ನೀವು ಹೇಳ್ಬೇಕು” ಎಂದರು. ನಕ್ಷೆಯ ಅಳತೆಗಳ ಮೇಲೆ ಕೆಲಸ ಶುರುಮಾಡಲು ಅವರು ಒಪ್ಪಲಿಲ್ಲ; ಗ್ರಿಲ್ ಅನ್ನೇ ಅಂಗಡಿಗೆ ತರಿಸಿಕೊಂಡರು. ಅವರ ಆ ಹಟ ಸರಿಯಾಗಿತ್ತು. ಈ ಗ್ರಿಲ್‌ನ ಹೊರಮೈ ಎಲ್ಲಿಯೂ ನೆಟ್ಟಗಿಲ್ಲ, ಪ್ರತಿ ಎತ್ತರದಲ್ಲೂ ಅದರ ಸುತ್ತಳತೆ ಬೇರೆ. ಗ್ರಿಲ್ ಮೇಲ್ಮೈಯಲ್ಲಿ ಕೊರೆದ ದುಂಡು ತೂತಿನೊಳಗೆ ಇಳಿದು ಕೆಳಗಿನ ಅಟ್ಟದ ಮೇಲೆ ಕೂರುವುದರಿಂದ, ಮೇಜಿನ ಮೇಲ್ಮೈ ಯಾವ ಎತ್ತರದಲ್ಲಿ ಬರುತ್ತದೋ ಆ ಎತ್ತರದಲ್ಲೇ ವ್ಯಾಸವನ್ನು ಅಳೆಯಬೇಕು. ಆ ಎತ್ತರವನ್ನೂ ಮನಬಂದಂತೆ ನಿರ್ಧರಿಸುವಂತಿಲ್ಲ, ಮುಚ್ಚಳ ಮತ್ತು ಬುಡವನ್ನು ಹಿಡಿದಿರುವ ಉಕ್ಕಿನ ಪಟ್ಟಿ, ಅದರ ಬೋಲ್ಟು ಮತ್ತು ಹಿಂದಿನ ತಿರುಗಣಿ ಮೇಜಿನ ಹಲಗೆಗಿಂತ ಮೇಲೆಯೇ ಇರಬೇಕು. ಆದ್ದರಿಂದ ಲೆಕ್ಕ ಕೆಳಗಿನಿಂದ ಮೇಲಕ್ಕೆ ನಡೆಯುತ್ತದೆ: ಕೆಳ ಅಟ್ಟ, ಅದರ ಮೇಲಿನ ಕಲ್ಲಿನ ದಪ್ಪ, ಗ್ರಿಲ್‌ನ ಕಾಲುಗಳು, ಅಲ್ಲಿಂದ ಪಟ್ಟಿಯವರೆಗಿನ ಎತ್ತರ, ಅದರಲ್ಲಿ ಎರಡು ಇಂಚು ಕಳೆದರೆ ಮೇಲ್ಮೈ. ಇದರಲ್ಲಿ ಒಂದನ್ನು ತಪ್ಪಿದರೂ ಮುಚ್ಚಳ ಪೂರ್ತಿ ತೆರೆಯುವುದಿಲ್ಲ, ಇಲ್ಲವೇ ಗ್ರಿಲ್ ಹಲಗೆಯ ಮೇಲೆ ಅಸಹ್ಯವಾಗಿ ಎದ್ದು ನಿಲ್ಲುತ್ತದೆ.

ಮರದ ಆಯ್ಕೆಯ ಮಾತುಕತೆ ನನಗೆ ಈ ಇಡೀ ವ್ಯವಹಾರದಲ್ಲಿ ಅತ್ಯಂತ ಹಿಡಿಸಿದ ಭಾಗ. ಬಿಗ್ ಗ್ರೀನ್ ಎಗ್‌ನಂಥ ಸಂಸ್ಥೆಗಳ ಮೇಜುಗಳಲ್ಲಿ ಅಕೇಶಿಯಾ ಮರ ಸಾಮಾನ್ಯ, ಮತ್ತು ಶಿವಮೊಗ್ಗ ಜಿಲ್ಲೆಯಲ್ಲಿ ನೆಡುತೋಪಿನ ಅಕೇಶಿಯಾಕ್ಕೆ ಕೊರತೆಯೂ ಇಲ್ಲ. ಅದರ ಬೆಲೆ ಕಡಿಮೆ, ಕಾಂಡದ ಒಳಗಿನ ತಿರುಳು ಗಟ್ಟಿ, ಬಣ್ಣವೂ ಚೆಂದ. ಆದರೆ ಸರಿಯಾಗಿ ಒಣಗಿಸದ ಅಕೇಶಿಯಾ ಸೀಳುತ್ತದೆ, ತಿರುಚಿಕೊಳ್ಳುತ್ತದೆ, ಮತ್ತು ಪೇಟೆಯಲ್ಲಿ ಸಿಗುವುದರಲ್ಲಿ ಸರಿಯಾಗಿ ಒಣಗಿದ್ದನ್ನು ಹುಡುಕಿ ತೆಗೆಯಬೇಕು ಎಂದು ಆಚಾರ್ರು ಎಚ್ಚರಿಸಿದರು. ಹೊನ್ನೆಯನ್ನು ನಾನೇ ಕೇಳಿದ್ದೆ. ನೀರಿಗೆ ಬಿದ್ದ ಹೊನ್ನೆ ಬಣ್ಣ ಬಿಡುತ್ತದೆ. ಅದರ ಲೋಟದಲ್ಲಿ ರಾತ್ರಿ ಇಟ್ಟ ನೀರು ಬೆಳಗ್ಗೆ ಬಣ್ಣ ತಿರುಗಿರುವುದನ್ನು ನಮ್ಮ ಕಡೆ ಅನೇಕರು ನೋಡಿದ್ದಾರೆ. ಅಂಥ ಮರವನ್ನು ಮಳೆಯಲ್ಲಿ ನಿಲ್ಲಿಸಿದರೆ ಅಂಗಳದ ಕಲ್ಲಿಗೂ ಬಣ್ಣ ಹಿಡಿಯುತ್ತದೆ ಎಂಬ ಅವರ ಮಾತಿಗೆ ಎದುರಾಡುವಂತಿರಲಿಲ್ಲ. ಮತ್ತಿಯನ್ನು ಭಾರಕ್ಕಾಗಿ, ಹಲಸನ್ನು ಅಗಲವಾದ ಹಲಗೆಗಳ ಅಭಾವಕ್ಕಾಗಿ ಬಿಟ್ಟೆವು. ಕೊನೆಗೆ ನಿಂತದ್ದು ಎರಡು ಮರಗಳ ಜೋಡಿ: ಮೇಲ್ಮೈಗೆ ಹೊಸ ಸಾಗುವಾನಿ, ಕಾಲು ಮತ್ತು ಚೌಕಟ್ಟಿಗೆ ಹಳೆ ಮನೆ ಬಿಚ್ಚಿದಾಗ ಸಿಕ್ಕಿದ ಸಾಗುವಾನಿ ಜಂತೆಗಳು.

ಹಳೆ ಮನೆಯ ಮರ ಮಲೆನಾಡಿನ ದೊಡ್ಡ ಆಸ್ತಿ ಎಂದು ನಾನು ನಂಬಿದ್ದೇನೆ. ತೊಲೆ, ಜಂತೆ, ಬಾಗಿಲವಾಡಗಳಾಗಿ ತಲೆಮಾರುಗಳ ಕಾಲ ಅಡುಗೆಮನೆಯ ಹೊಗೆ ತಿಂದು ಒಣಗಿದ ಆ ಮರ ಇನ್ನು ಕುಗ್ಗುವುದೂ ಇಲ್ಲ, ತಿರುಚುವುದೂ ಇಲ್ಲ. ಅದರ ಒಂದೇ ತೊಂದರೆ ಒಳಗೆ ಮುರಿದುಳಿದ ಮೊಳೆ. ಆಚಾರ್ರ ಮಗ ಪ್ರತಿ ಜಂತೆಯ ಮೇಲೂ ಒಂದು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ನಿಧಾನವಾಗಿ ಎಳೆಯುತ್ತ ಹೋಗಿ, ಅದು ಹಿಡಿದು ನಿಂತಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಉಳಿಯಿಂದ ಸುತ್ತಲೂ ಕೆತ್ತಿ ಮೊಳೆಯ ತುಂಡುಗಳನ್ನು ಹೊರತೆಗೆದದ್ದನ್ನು ನಾನು ನಿಂತು ನೋಡಿದೆ. ಸಾಗುವಾನಿಯಲ್ಲಿ ಕಬ್ಬಿಣ ಉಳಿದು ನೀರು ಸೇರಿದರೆ ಸುತ್ತಲೂ ಕಪ್ಪು ಕಲೆ ಹರಡುತ್ತದೆ, ಮರದ ಒಗರಿಗೂ ಕಬ್ಬಿಣಕ್ಕೂ ಆಗುವ ಕ್ರಿಯೆ ಅದು. ಅದೇ ಕಾರಣಕ್ಕೆ ಹೊಸ ಸ್ಕ್ರೂಗಳೆಲ್ಲ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವೇ ಆಗಬೇಕೆಂದು ನಾನು ಕೇಳಿದೆ. ಗಾಂಧಿ ಬಜಾರಿನಲ್ಲಿ ಹುಡುಕಿ ತರಬೇಕಾಯಿತು, ಮಾಮೂಲಿ ಸ್ಕ್ರೂಗಿಂತ ಬೆಲೆ ಹೆಚ್ಚು, ಆದರೆ ಮಳೆಗಾಲದ ನಂತರ ಒಂದೇ ಒಂದು ಸ್ಕ್ರೂವಿನ ಸುತ್ತಲೂ ಕಪ್ಪು ಉಂಗುರ ಮೂಡಿಲ್ಲ.

ಭಾರದ ಲೆಕ್ಕ ಹೀಗಿದೆ. ಗ್ರಿಲ್ ಅನ್ನು ನೇರವಾಗಿ ಮರದ ಮೇಲೆ ಇಡಬಾರದು ಎಂಬುದು ತಯಾರಕರ ಸ್ಪಷ್ಟ ಸೂಚನೆ. ಅಟ್ಟದ ಮೇಲೆ ತಗಡು ಹೊಡೆದರೆ ಸಾಕಲ್ಲವೇ ಎಂದು ಆಚಾರ್ರು ಮೊದಲು ಕೇಳಿದ್ದರು. ತಗಡು ಕಿಡಿಯನ್ನು ತಡೆಯಬಹುದೇ ಹೊರತು ಶಾಖವನ್ನು ತಡೆಯುವುದಿಲ್ಲ, ಅದನ್ನು ಹಾಗೇ ಮರಕ್ಕೆ ದಾಟಿಸುತ್ತದೆ. ಮರಕ್ಕೆ ಬೆಂಕಿ ಹೊತ್ತಿಕೊಳ್ಳಲು ಸಾಮಾನ್ಯವಾಗಿ 250 ಡಿಗ್ರಿಗಿಂತ ಹೆಚ್ಚು ಬೇಕಾದರೂ, ಅದಕ್ಕಿಂತ ಕಡಿಮೆ ಶಾಖವೇ ದಿನಗಟ್ಟಲೆ ತಗುಲುತ್ತಿದ್ದರೆ ಮರ ಒಳಗೊಳಗೇ ಕರಿಕಾಗುತ್ತ, ಹೊತ್ತಿಕೊಳ್ಳುವ ಮಟ್ಟ ಕೆಳಗಿಳಿಯುತ್ತ ಬರುತ್ತದೆ. ಇದು ತಕ್ಷಣ ಕಣ್ಣಿಗೆ ಕಾಣದ ಅಪಾಯ. ಆದ್ದರಿಂದ 40 ಸೆಂ.ಮೀ. ಚೌಕದ, 5 ಸೆಂ.ಮೀ. ದಪ್ಪದ ಕಾಂಕ್ರೀಟ್ ಹಾಸುಗಲ್ಲನ್ನು ಅಟ್ಟದ ಮೇಲಿಟ್ಟು, ಅದರ ಮೇಲೆ ಗ್ರಿಲ್‌ನ ಸೆರಾಮಿಕ್ ಕಾಲುಗಳನ್ನು ಜೋಡಿಸಿ, ನಡುವೆ ಗಾಳಿ ಆಡುವಂತೆ ಮಾಡಲಾಯಿತು. ಆ ಕಲ್ಲೊಂದೇ ಸುಮಾರು 19 ಕೆ.ಜಿ. ಗ್ರಿಲ್ ಸೇರಿದರೆ 92, ಇದ್ದಿಲು ಮತ್ತು ಪಾತ್ರೆ ಸೇರಿದರೆ ಹತ್ತಿರ ಹತ್ತಿರ ನೂರು ಕೆ.ಜಿ. ಇದನ್ನು ಕಾಲಿಗೆ ಸ್ಕ್ರೂ ಹೊಡೆದ ರೀಪಿನ ಮೇಲೆ ನಂಬಿ ಕೂರಿಸುವುದು ಅಪಾಯ. ಆಚಾರ್ರು ಕಾಲಿನಲ್ಲಿ ಕಂಡಿ ಕೊರೆದು, ನಾಲ್ಕು ಇಂಚು ಅಗಲದ ಅಡ್ಡಪಟ್ಟಿಯ ತುದಿಯನ್ನು ತೆಳುವಾಗಿ ಕೆತ್ತಿ ಅದರೊಳಗೆ ಬಿಗಿಯಾಗಿ ಕೂರಿಸಿ, ಮರದ ಗೂಟ ಹೊಡೆದಿದ್ದಾರೆ. ಅಂಟು ಸೋತರೂ ಆ ಜೋಡಣೆ ಸೋಲುವುದಿಲ್ಲ. ಮುಚ್ಚಳವನ್ನು ಎಷ್ಟೇ ಜೋರಾಗಿ ಎತ್ತಿದರೂ ಮೇಜು ಈವರೆಗೆ ಅಲುಗಾಡಿಲ್ಲ, ಮತ್ತು ಈ ಅಂಗಡಿಯ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಇದನ್ನೇ.

ಮೇಲ್ಮೈಯ ವೃತ್ತವನ್ನು ಕೊರೆದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾಗುವಾನಿ ಹಲಗೆಗಳನ್ನು ಒಂದಕ್ಕೊಂದು ಅಂಟಿಸದೆ, ನಡುನಡುವೆ ಐದು ಮಿ.ಮೀ. ಸಂದು ಬಿಟ್ಟು ಕೂರಿಸಲಾಗಿದೆ. ಮಳೆಗಾಲದಲ್ಲಿ ಹಲಗೆ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ, ಸಂದು ಇಲ್ಲದಿದ್ದರೆ ಒಂದನ್ನೊಂದು ತಳ್ಳಿ ಮೇಲೇಳುತ್ತವೆ. ನೀರು ಇಳಿದುಹೋಗಲೂ ಅದೇ ದಾರಿ. ಪೂರ್ತಿ ಮೇಲ್ಮೈ ಜೋಡಣೆಯಾದ ಮೇಲೆ ನಡುವೆ ಒಂದು ತಾತ್ಕಾಲಿಕ ಹಲಗೆ ಬಿಗಿದು, ಅದರಲ್ಲೊಂದು ಮೊಳೆ ನೆಟ್ಟು, ಮೊಳೆಗೆ ಸಿಕ್ಕಿಸಿದ ರೀಪಿನ ತುದಿಗೆ ಪೆನ್ಸಿಲ್ ಕಟ್ಟಿ ಆಚಾರ್ರು ಒಂದೇ ಸುತ್ತಿನಲ್ಲಿ ವೃತ್ತ ಎಳೆದರು. ಜಿಗ್‌ಸಾದಿಂದ ಕೊರೆದು, ಅರದಿಂದ ಉಜ್ಜಿ, ಗ್ರಿಲ್‌ನ ಮೈಯಿಂದ ಎಲ್ಲ ಕಡೆ ಎರಡು ಇಂಚಿನಷ್ಟು ಅಂತರ ಉಳಿಯುವಂತೆ ಮಾಡಿದರು. ಆ ಅಂತರವೇ ಇಡೀ ಮೇಜಿನ ಸುರಕ್ಷತೆ. ಅದನ್ನು ಚೆಂದಕ್ಕಾಗಿ ಕಿರಿದು ಮಾಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ.

ವೃತ್ತದ ಅಂಚಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಲಗೆಯ ಉದ್ದಕ್ಕೆ ಹರಿದ ಅಂಚು ನೀರನ್ನು ಅಷ್ಟಾಗಿ ಕುಡಿಯುವುದಿಲ್ಲ. ಎಳೆಗಳು ಅಡ್ಡಕ್ಕೆ ತುಂಡಾಗಿ ತುದಿ ಬಾಯ್ತೆರೆದ ಕಡೆ ಮಾತ್ರ ನೀರು ಒಳಗೆ ಏರುತ್ತದೆ. ದುಂಡಗೆ ಕೊರೆದಾಗ ಎರಡು ಪಕ್ಕದಲ್ಲಿ ಇಂಥ ತೆರೆದ ತುದಿಗಳೇ ಬರುತ್ತವೆ, ಅವು ಗ್ರಿಲ್‌ನ ಶಾಖಕ್ಕೆ ಒಣಗುತ್ತವೆ, ಮಳೆಗೆ ನೆನೆಯುತ್ತವೆ, ಮತ್ತೆ ಒಣಗುತ್ತವೆ. ಸೀಳು ಹುಟ್ಟುವುದು ಅಲ್ಲಿಂದಲೇ. ಆಚಾರ್ರು ಆ ಭಾಗಗಳಿಗೆ ತೆಳುಮಾಡಿದ ಎಣ್ಣೆಯನ್ನು ಬ್ರಷ್ಷಿನಲ್ಲಿ ಹಚ್ಚಿ, ಹೀರಿಕೊಂಡಂತೆಲ್ಲ ಮತ್ತೆ ಹಚ್ಚಿ, ಇನ್ನು ಕುಡಿಯುವುದಿಲ್ಲ ಎನ್ನುವವರೆಗೂ ಬಿಡಲಿಲ್ಲ. ಈಗ ನೋಡಿದರೆ ಒಂದು ಹಲಗೆಯಲ್ಲಿ ಮಾತ್ರ ಕೂದಲೆಳೆಯ ಸೀಳಿದೆ. ಆ ಹಲಗೆಯ ಅಂಚಿನಲ್ಲಿ ಬಿಳಿಚು, ಅಂದರೆ ತಿರುಳಿನ ಹೊರಗಿನ ಎಳೆಯ ಮರ, ಉಳಿದಿತ್ತು. ಸಾಗುವಾನಿಯ ಬಾಳಿಕೆ ಎಲ್ಲ ಅದರ ತಿರುಳಿನದು. ಬಿಳಿಚನ್ನು ಕುಟ್ಟೆಹುಳುವೂ ಒರಲೆಯೂ ಬಿಡುವುದಿಲ್ಲ. ಪೂರ್ತಿ ತಿರುಳಿನ ಹಲಗೆಗೆ ಹಣ ಕೊಟ್ಟಿರುವಾಗ ಒಂದು ಹಲಗೆಯಲ್ಲಿ ಹೀಗಾಗಿರುವುದು ಅಂಗಡಿಯ ಲೋಪವೇ. ತೋರಿಸಿದಾಗ ಅವರು ವಾದಿಸದೆ, ಮಳೆ ನಿಂತ ಮೇಲೆ ಬದಲಿಸಿಕೊಡುತ್ತೇನೆಂದು ಒಪ್ಪಿದರು. ಹಲಗೆಗಳನ್ನು ಅಂಟಿಸದೆ ಕೆಳಗಿನಿಂದ ಸ್ಕ್ರೂ ಹಾಕಿರುವುದರಿಂದ ಒಂದನ್ನಷ್ಟೇ ಬಿಚ್ಚುವುದು ಸಾಧ್ಯವೂ ಹೌದು.

ಮೇಲ್ಮೈಗೆ ಹೊಳಪಿನ ವಾರ್ನಿಶ್ ಬೇಡವೆಂದು ನಾವಿಬ್ಬರೂ ಒಪ್ಪಿದ್ದೆವು. ವಾರ್ನಿಶ್ ಮರದ ಮೇಲೊಂದು ಪೊರೆ. ಬಿಸಿಲಿಗೂ ಗ್ರಿಲ್‌ನ ಕಾವಿಗೂ ಅದು ಬಿರಿದರೆ ನೀರು ಅಡಿಗೆ ಸೇರಿ ಹೊರಬರಲಾಗದೆ ಮರವನ್ನು ಕೊಳೆಸುತ್ತದೆ, ದುರಸ್ತಿಗೆ ಇಡೀ ಪೊರೆಯನ್ನು ಉಜ್ಜಿ ತೆಗೆಯಬೇಕಾಗುತ್ತದೆ. ಎಣ್ಣೆಯಾದರೆ ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿಯ ಹೊತ್ತಿಗೊಮ್ಮೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಬರಿಯ ಅಗಸೆ ಎಣ್ಣೆಯ ಮೇಲೆ ನಮ್ಮ ಹವೆಯಲ್ಲಿ ಬೂಷ್ಟು ಬೇಗ ಹಿಡಿಯುತ್ತದೆಂದು ಹೊರಾಂಗಣಕ್ಕೆಂದೇ ಬರುವ ಸಾಗುವಾನಿ ಎಣ್ಣೆಯನ್ನು ಆರಿಸಿಕೊಂಡೆವು. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಗಳನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು ಎಂಬುದನ್ನು ಇಲ್ಲೇ ಹೇಳಬೇಕು. ಒಣಗುವಾಗ ಅದು ತನ್ನಷ್ಟಕ್ಕೆ ಬಿಸಿಯಾಗಿ, ಮುದ್ದೆಯೊಳಗೆ ಶಾಖ ಕೂಡಿ, ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹೊರಗೆ ಹರವಿ ಒಣಗಿಸಬೇಕು.

ಕಾಲುಗಳ ಬುಡದ ಒಂದು ಗೇಣಿನಷ್ಟಕ್ಕೆ ಮಾತ್ರ ಆಚಾರ್ರು ಗೇರೆಣ್ಣೆ ಹಚ್ಚಿದ್ದಾರೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪು ಎಣ್ಣೆಯನ್ನು ಒರಲೆಯ ಕಾಟಕ್ಕೆಂದು ಮಲೆನಾಡು, ಕರಾವಳಿಯ ಮನೆಗಳ ಮರಕ್ಕೆ ಹಿಂದಿನಿಂದಲೂ ಬಳಿಯುತ್ತ ಬಂದಿದ್ದಾರೆ. ಕೈಗೆ ತಗುಲಿದರೆ ಚರ್ಮ ಸುಡುತ್ತದೆ, ಆಹಾರ ಇಡುವ ಜಾಗಕ್ಕೆ ಸಲ್ಲದು, ನೋಟಕ್ಕೂ ಕಪ್ಪು. ಆದರೆ ನೆಲದ ಹತ್ತಿರ ಅದಕ್ಕಿಂತ ಮೇಲಾದ ರಕ್ಷಣೆಯನ್ನು ನಾನು ಕಂಡಿಲ್ಲ. ಅದರ ಕೆಳಗೆ ಪ್ರತಿ ಕಾಲಿಗೂ ಒಂದು ಗ್ರಾನೈಟ್ ತುಂಡನ್ನು ಸ್ಟೀಲ್ ಕಡ್ಡಿಯ ಮೂಲಕ ಜೋಡಿಸಿ, ಮರದ ಬುಡ ಎಂದಿಗೂ ನಿಂತ ನೀರನ್ನು ಮುಟ್ಟದಂತೆ ಎತ್ತರಿಸಿದ್ದಾರೆ. ಇದು ಪೂರ್ತಿ ಅವರದೇ ಯೋಚನೆ, ನಾನು ತೋರಿಸಿದ ನಕ್ಷೆಯಲ್ಲಿ ಇರಲಿಲ್ಲ. ಜಂಬಿಟ್ಟಿಗೆ ಹಾಸಿದ ನಮ್ಮ ಅಂಗಳದಲ್ಲಿ ಸುರಿದ ಮಳೆ ಕೆಂಪು ನೀರಾಗಿ ಕಾಲಿನ ಮೇಲೆ ಸಿಡಿಯುತ್ತಲೇ ಇತ್ತು. ಮಳೆ ಬಿಟ್ಟ ಮೇಲೆ ತೊಳೆದು ಉಗುರಿನಿಂದ ಒತ್ತಿ ನೋಡಿದೆ, ನಾಲ್ಕೂ ಕಾಲಿನ ಬುಡ ಗಟ್ಟಿಯಾಗಿಯೇ ಇವೆ.

ಚಕ್ರಗಳನ್ನು ಹಾಕಿಸಬೇಕೇ ಎಂಬುದು ಅನೇಕರು ಕೇಳುವ ಪ್ರಶ್ನೆ. ನುಣುಪಾದ ಟೈಲ್ಸ್ ಅಥವಾ ಕಾಂಕ್ರೀಟ್ ನೆಲವಿದ್ದರೆ ಹಾಕಿಸಬಹುದು, ಆಗ ಬೀಗ ಬೀಳುವ ಚಕ್ರಗಳೇ ಬೇಕು, ಮತ್ತು ಒಟ್ಟು ಭಾರವನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಿ ಪ್ರತಿ ಚಕ್ರದ ಸಾಮರ್ಥ್ಯ ನಿರ್ಧರಿಸಬೇಕು, ಏಕೆಂದರೆ ನೆಲ ಸ್ವಲ್ಪ ಏರುಪೇರಾದರೂ ಒಂದು ಚಕ್ರ ಗಾಳಿಯಲ್ಲಿರುತ್ತದೆ. ಜಂಬಿಟ್ಟಿಗೆ ಅಂಗಳಕ್ಕೆ ಚಕ್ರ ಬೇಡವೇ ಬೇಡ. ಸಂದಿನಲ್ಲಿ ಚಕ್ರ ಸಿಕ್ಕಿ ಮೇಜು ವಾಲಿದರೆ ಆ ಗ್ರಿಲ್ ಒಡೆಯುವುದಷ್ಟೇ ಅಲ್ಲ, ಕೆಂಡ ತುಂಬಿದ್ದರೆ ಹತ್ತಿರದಲ್ಲಿ ನಿಂತವರ ಗತಿಯೇನು ಎಂದು ಯೋಚಿಸಬೇಕು.

ಬಲಗಡೆಯ ಕೆಲಸದ ಜಾಗಕ್ಕೆ ಬಿಸಿ ಪಾತ್ರೆ ಇಡಲೆಂದು 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಗ್ರಾನೈಟ್ ಫಲಕವನ್ನು ಹಲಗೆಯ ಮಟ್ಟಕ್ಕೆ ಇಳಿಸಿ ಕೂರಿಸಲಾಗಿದೆ. ಎರಡು ಸೆಂ.ಮೀ. ದಪ್ಪಕ್ಕೆ ಅದೂ 14 ಕೆ.ಜಿ. ಮೀರುತ್ತದೆ. ಕಲ್ಲನ್ನು ಆಚಾರ್ರು ಬೇರೊಂದು ಅಂಗಡಿಯಲ್ಲಿ ಕೊಯ್ಯಿಸಿದ್ದರು. ಅದರ ಅಂಚನ್ನು ಸರಿಯಾಗಿ ಉರುಟು ಮಾಡಿಸಿರಲಿಲ್ಲ, ಕೈ ತಗುಲಿದರೆ ಗೀರುವಂತಿತ್ತು. ಮತ್ತೆ ಉಜ್ಜಿಸಿ ತರಿಸಲು ಕೆಲವು ವಾರಗಳೇ ಹಿಡಿದವು. ಈ ಅಂಗಡಿಯವರ ದೊಡ್ಡ ಕೊರತೆ ಇದು: ಮರದ ವಿಷಯದಲ್ಲಿ ತೋರುವ ಶ್ರದ್ಧೆಯನ್ನು ಹೊರಗೆ ಮಾಡಿಸುವ ಕೆಲಸದ ಮೇಲೆ ತೋರಿಸುವುದಿಲ್ಲ, ಮತ್ತು ಹೇಳಿದ ದಿನಕ್ಕೆ ಕೆಲಸ ಮುಗಿಸುವುದಿಲ್ಲ. ತಡವಾಗುತ್ತದೆ ಎಂದು ಮೊದಲೇ ತಿಳಿಸುವ ರೂಢಿಯೂ ಇಲ್ಲ, ನಾವೇ ಫೋನು ಮಾಡಿ ಕೇಳಬೇಕು. ಖರ್ಚಿನ ಅಂದಾಜನ್ನು ಬಾಯಿಮಾತಿನಲ್ಲೇ ಹೇಳಿದ್ದರು, ಮರ, ಕಲ್ಲು, ಸ್ಕ್ರೂ, ಕೂಲಿ ಎಂದು ಬಿಡಿಸಿದ ಪಟ್ಟಿಯನ್ನು ಕೇಳಿಕೇಳಿ ಬರೆಸಿಕೊಳ್ಳಬೇಕಾಯಿತು. ಕೊನೆಯ ಮೊತ್ತ ಅಂದಾಜನ್ನು ದಾಟಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಒಟ್ಟು ಖರ್ಚು ಗ್ರಿಲ್‌ನ ಬೆಲೆಯ ಮೂರನೇ ಒಂದು ಪಾಲಿನಷ್ಟಾಯಿತು. ಈ ಗುಣಮಟ್ಟದ ಮರಕ್ಕೂ ಕೈಕೆಲಸಕ್ಕೂ ಅದು ನ್ಯಾಯವಾದ ಬೆಲೆ.

ಬಳಕೆಯಲ್ಲಿ ಕಂಡ ಎರಡು ತೊಡಕುಗಳಿವೆ. ಮೊದಲನೆಯದು ಕೆಳ ಅಟ್ಟದ ಮುಂಭಾಗದ ಪಟ್ಟಿ. ಅದು ಅಟ್ಟದ ಮಟ್ಟಕ್ಕಿಂತ ಸ್ವಲ್ಪ ಮೇಲಕ್ಕೆ ಎದ್ದಿದ್ದರಿಂದ ಗ್ರಿಲ್‌ನ ಕೆಳಗಿನ ಕಿಂಡಿಯಿಂದ ಬೂದಿ ಎಳೆಯುವ ಸಲಾಕೆ ಅದಕ್ಕೆ ತಾಗುತ್ತಿತ್ತು. ಬೂದಿ ಸರಿಯಾಗಿ ತೆಗೆಯದಿದ್ದರೆ ಗಾಳಿ ಆಡದೆ ಗ್ರಿಲ್ ಕಾಯುವುದೇ ಇಲ್ಲ. ಆಚಾರ್ರು ಮನೆಗೆ ಬಂದು ಆ ಭಾಗವನ್ನು ಉಳಿಯಿಂದ ಇಳಿಸಿ, ಕಿಡಿ ಬಿದ್ದರೂ ತೊಂದರೆಯಾಗದಂತೆ ಅಲ್ಲಿಗೊಂದು ಕಲ್ಲಿನ ಪಟ್ಟಿ ಹಾಕಿಕೊಟ್ಟರು. ಎರಡನೆಯದು ಇಕ್ಕಳ, ಕೈಗವಸು ಇಡುವ ಡ್ರಾಯರ್. ಬೇಸಿಗೆಯಲ್ಲಿ ಸಲೀಸಾಗಿ ಜಾರುತ್ತಿದ್ದ ಅದು ಪುಷ್ಯ ಮಳೆಯ ಹೊತ್ತಿಗೆ ಉಬ್ಬಿ ಬಿಗಿಯಾಗಿ ಕೂತುಬಿಟ್ಟಿತು. ಅದನ್ನೂ ಬಂದು ತೋಪಡ ಹಾಕಿ ಸಡಿಲಿಸಿದರು, ಹಣ ಕೇಳಲಿಲ್ಲ. ಹೊರಾಂಗಣದ ಮೇಜಿಗೆ ಡ್ರಾಯರ್ ಅನಾವಶ್ಯಕ ಎಂಬುದು ನನ್ನ ಈಗಿನ ಅಭಿಪ್ರಾಯ. ಪಕ್ಕದಲ್ಲಿ ನಾಲ್ಕು ಸ್ಟೀಲ್ ಕೊಕ್ಕೆಗಳಿದ್ದರೆ ಸಾಕು.

ಗ್ರಿಲ್ ಅನ್ನು ಮೇಜಿನೊಳಗೆ ಇಳಿಸುವ ಕೆಲಸವನ್ನು ಅವಸರದಲ್ಲಿ ಮಾಡುವಂತಿಲ್ಲ. ಮುಚ್ಚಳವನ್ನೂ ಒಳಗಿನ ಬೆಂಕಿಗೂಡು ಮತ್ತು ಉಂಗುರವನ್ನೂ ಮೊದಲು ಹೊರತೆಗೆದರೆ ಭಾರ ಬಹಳ ಇಳಿಯುತ್ತದೆ. ಎತ್ತುವಾಗ ಕೆಳಗಿನ ಕಿಂಡಿಗೆ ಒಂದು ಕೈ, ತಳಕ್ಕೆ ಇನ್ನೊಂದು ಕೈ ಕೊಡಬೇಕೇ ಹೊರತು ಹಿಡಿಕೆಯನ್ನೋ ತಿರುಗಣಿಯನ್ನೋ ಹಿಡಿಯಬಾರದು. ಅಂಗಡಿಯ ಹುಡುಗರು ಇದನ್ನು ಹೇಳಿದಂತೆಯೇ ಮಾಡಿದರು. ಕೂರಿಸಿದ ಮೇಲೆ 250 ಡಿಗ್ರಿಯವರೆಗೆ ಏರಿಸಿ ಒಂದು ಗಂಟೆ ಬಿಟ್ಟು, ವೃತ್ತದ ಅಂಚನ್ನೂ ಅಟ್ಟದ ಅಡಿಭಾಗವನ್ನೂ ಆಚಾರ್ರೇ ಬರಿಗೈಯಿಂದ ಮುಟ್ಟಿ ನೋಡಿದರು. ಅಂಚು ಬೆಚ್ಚಗಿತ್ತು, ಅಟ್ಟದ ಅಡಿ ತಣ್ಣಗಿತ್ತು. ಅಂದಿನ ಕೆಂಡವನ್ನು ಹಾಳುಮಾಡದೆ ಬದನೆಕಾಯಿ ಸುಟ್ಟು ಗೊಜ್ಜು ಮಾಡಿದೆವು.

ಮಳೆಗಾಲದಲ್ಲಿ ಈ ಗ್ರಿಲ್ ಬಳಸುವವರಿಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮಳೆ ಬಂತೆಂದು ಗ್ರಿಲ್ ಅನ್ನು ಮುಚ್ಚಿದ ಜಗಲಿಗೋ ಕಾರಿನ ಶೆಡ್ಡಿಗೋ ತರಬೇಡಿ. ಇದ್ದಿಲು ಉರಿಯುವಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ನಮ್ಮದು ನಾಲ್ಕೂ ಕಡೆ ತೆರೆದ, ಎತ್ತರದ ಶೀಟಿನ ಮಾಡಿನ ಕೆಳಗಿದೆ. ಬಳಸದ ದಿನಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿಯಾಗಿ ಹಾಕಿಡುವುದೂ ಒಳ್ಳೆಯದಲ್ಲ, ಒಳಗೆ ತೇವ ಕೂತು ಗ್ರಿಲ್‌ನೊಳಗೂ ಮರದ ಮೇಲೂ ಬೂಷ್ಟು ಹಿಡಿಯುತ್ತದೆ. ತಣಿದ ಮೇಲೆ ಎರಡೂ ಕಿಂಡಿಗಳನ್ನು ಸ್ವಲ್ಪ ತೆರೆದಿಟ್ಟರೆ ಗಾಳಿ ಆಡುತ್ತದೆ. ಬಹುದಿನ ತೇವದಲ್ಲಿದ್ದ ಗ್ರಿಲ್ ಅನ್ನು ಮತ್ತೆ ಹಚ್ಚುವಾಗ ನಿಧಾನವಾಗಿ ಕಾಯಿಸಬೇಕು. ಸೆರಾಮಿಕ್ ಹೀರಿದ ನೀರು ಒಮ್ಮೆಲೇ ಆವಿಯಾದರೆ ಬಿರುಕು ಬಿಡುವ ಸಾಧ್ಯತೆ ಇದೆ.

ಇಂಥದೇ ಮೇಜು ಮಾಡಿಸುವವರು ಕೆಲಸವನ್ನು ಮಳೆ ಮುಗಿದು ಹವೆ ಒಣಗಿದ ಮೇಲೆ, ಕಾರ್ತಿಕದ ನಂತರ, ಒಪ್ಪಿಸುವುದು ಒಳ್ಳೆಯದು, ಆಗ ಮರವೂ ಒಣಗಿರುತ್ತದೆ, ಮುಂದಿನ ಮಳೆಗೆ ಮೊದಲು ಎರಡು ಮೂರು ಸಲ ಎಣ್ಣೆ ಹಚ್ಚಲು ಸಮಯವೂ ಸಿಗುತ್ತದೆ. ಬಿಳಿಚಿಲ್ಲದ ಹಲಗೆ, ಸ್ಟೇನ್‌ಲೆಸ್ ಸ್ಕ್ರೂ, ಗ್ರಿಲ್ ಸುತ್ತ ಎರಡು ಇಂಚಿನ ಅಂತರ, ಕಲ್ಲಿನ ಅಂಚು ಉರುಟು ಮಾಡುವುದು, ಇವಿಷ್ಟನ್ನು ಖರ್ಚಿನ ಪಟ್ಟಿಯ ಜೊತೆಗೆ ಕಾಗದದ ಮೇಲೆ ಬರೆಸಿಕೊಳ್ಳಿ. ಕೊಟ್ಟ ಗಡುವಿಗೆ ಒಂದು ತಿಂಗಳು ಸೇರಿಸಿಕೊಂಡೇ ನಿಮ್ಮ ಕಾರ್ಯಕ್ರಮ ಇಟ್ಟುಕೊಳ್ಳಿ. ಅಳತೆಗೆ ಫೋಟೋ, ನಕ್ಷೆ ಕಳಿಸದೆ ಗ್ರಿಲ್ ಅನ್ನೇ ಒಯ್ಯಿರಿ.